ಎಸೆದ ಕೊಡಲಿಯನ್ನು ವಾಪಸ್ ಕರೆಯುವ ಆಟ

ಯಕ್ಷಗಾನದ ತೆಂಕುತಿಟ್ಟಿನಲ್ಲಿ ಅಬ್ಬರದ ಬಣ್ಣದ ವೇಷ ನೋಡಿ ಬೆಳೆದ ನಮ್ಮೂರಿನವರಿಗೆ ‘ಗಾಡ್ ಆಫ್ ವಾರ್’ ವಿಡಿಯೊ ಗೇಮ್ ಸರಣಿಯ ನಾಯಕ, ಹಳೆಯ ಕ್ರೇಟೋಸ್ ಹೊಸಬನಲ್ಲ. 2005ರ ಮೊದಲ ‘ಗಾಡ್ ಆಫ್ ವಾರ್’ನಿಂದ 2010ರ ಮೂರನೆಯದರವರೆಗೆ ಅವನದು ಬರೀ ಅಬ್ಬರ. 2018ರ ಏಪ್ರಿಲ್‌ನಲ್ಲಿ ಬಂದ ಆಟದಲ್ಲಿ ಅದೇ ಮನುಷ್ಯ ಗಡ್ಡ ಬಿಟ್ಟು, ಹೆಂಡತಿಯ ಚಿತೆಗೆ ಮರ ಕಡಿಯುತ್ತಾ ನಿಂತಿರುತ್ತಾನೆ. ಸರಣಿ ಮಾಗಿತು ಎನ್ನುವವರು ಈ ಕಥೆಯನ್ನೇ ಎತ್ತಿ ಹೇಳುತ್ತಾರೆ. ನನಗೆ ಆ ಮಾಗುವಿಕೆ ಮೊದಲು ಸಿಗುವುದು ಬೆರಳಿಗೆ.

ಹಿಂದೆ ಕ್ಯಾಮೆರಾ ದೂರದಿಂದ ಇಡೀ ಅಂಗಳ ತೋರಿಸುತ್ತಿತ್ತು. ಸರಪಳಿ ಕತ್ತಿ ಬೀಸಿದರೆ ಸುತ್ತಲಿನವರೆಲ್ಲ ಉರುಳುತ್ತಿದ್ದರು. ಈಗ ಅದು ಹೆಗಲ ಹಿಂದೆಯೇ ಇದೆ, ಕೊನೆಯವರೆಗೂ ಒಂದು ಕಟ್ ಇಲ್ಲ. ಬೇಕೆಂದಾಗ ಜಿಗಿಯುವ ಗುಂಡಿಯೂ ಇಲ್ಲ. ಹಳೆ ಅಭ್ಯಾಸದಂತೆ ಪ್ಲೇಸ್ಟೇಷನ್ ಕಂಟ್ರೋಲರ್‌ನಲ್ಲಿ ಹೊಡೆತದ ಗುಂಡಿ ಆರ್1 ಒತ್ತುತ್ತಲೇ ಇದ್ದರೆ ಬೆನ್ನ ಹಿಂದಿನವರ ಪೆಟ್ಟಿಗೆ ಸಾಯುತ್ತೀರಿ. ಕ್ರೇಟೋಸ್‌ನ ಸುತ್ತ ಮೂಡುವ ಬಾಣದ ಗುರುತು ನೋಡಿ: ಕೆಂಪಾದರೆ ಹೊಡೆತ ಬಂತು, ನೇರಳೆಯಾದರೆ ದೂರದಿಂದ ಏನೋ ಎಸೆದಿದ್ದಾರೆ. ವೈರಿಯ ಮೇಲೆ ಹಳದಿ ಉಂಗುರ ಮಿಂಚಿತೋ, ಗುರಾಣಿ ಹಿಡಿದು ನಿಂತರೆ ಸಾಲದು, ಪೆಟ್ಟು ತಾಗುವ ಕ್ಷಣಕ್ಕೆ ಸರಿಯಾಗಿ ಎಲ್1 ಒತ್ತಬೇಕು. ಕೆಂಪು ಉಂಗುರವಾದರೆ ಪಕ್ಕಕ್ಕೆ ಹಾರಿ.

ಕ್ರೇಟೋಸ್‌ನ ಈಗಿನ ಆಯುಧವಾದ ಕೊಡಲಿ ಎಸೆದ ಮೇಲೆ ತ್ರಿಕೋನದ ಗುಂಡಿ ಒತ್ತುವವರೆಗೆ ಅಲ್ಲೇ ನೆಟ್ಟಿರುತ್ತದೆ. ಹೊಸಬರು ಹೆದರಿ ತಕ್ಷಣ ಕರೆಸಿಕೊಳ್ಳುತ್ತಾರೆ. ಅವಸರ ಬೇಡ. ನೆಟ್ಟ ಕೊಡಲಿ ಸಣ್ಣ ವೈರಿಗಳನ್ನು ಹೆಪ್ಪುಗಟ್ಟಿಸಿ ನಿಲ್ಲಿಸುತ್ತದೆ. ಅಷ್ಟರಲ್ಲಿ ಹತ್ತಿರದವನಿಗೆ ಬರಿಗೈಯಲ್ಲಿ ಗುದ್ದಿದರೆ ಅವನೆಷ್ಟು ತತ್ತರಿಸಿದ್ದಾನೆಂದು ತೋರಿಸುವ ಸ್ಟನ್ ಪಟ್ಟಿ ಬೇಗ ತುಂಬುತ್ತದೆ, ಆರ್3 ಒತ್ತಿ ಮುಗಿಸಬಹುದು. ಕೊಡಲಿ ವಾಪಸ್ ಬರುವ ದಾರಿಯಲ್ಲಿ ನಿಂತವರಿಗೂ ಪೆಟ್ಟು ಬೀಳುತ್ತದೆ. ಹಾಗಾಗಿ ಕರೆಯುವ ಮೊದಲು ನೀವೆಲ್ಲಿ ನಿಂತಿದ್ದೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಆಟಗಳು ಈ ತಾಳ್ಮೆ ಕೇಳಿರಲೇ ಇಲ್ಲ.

ದೋಣಿಯಲ್ಲಿ ಸಾಗುವಾಗಿನ ಮಾತುಕತೆಯಂತೂ ಶುದ್ಧ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಮಾತೊಂದೇ. ದಡ ಸೇರಿದರೆ ಜೊತೆಗಾರ ಮಿಮಿರ್ ಕಥೆ ನಿಲ್ಲಿಸುತ್ತಾನೆ, ಮತ್ತೆ ದೋಣಿ ಹತ್ತಿದಾಗ ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತಾನೆ. ಹುಟ್ಟು ಹಾಕುವುದನ್ನು ನಿಲ್ಲಿಸಿ ಪೂರ್ತಿ ಕೇಳಿ.

ಕೊರತೆ ಇಲ್ಲವೆಂದಲ್ಲ. ಒಂದೇ ಥರದ ದೈತ್ಯ ಟ್ರೋಲ್‌ಗಳು ಮತ್ತೆ ಮತ್ತೆ ಎದುರಾಗುತ್ತವೆ, ಸಾಯುವುದೂ ಒಂದೇ ರೀತಿ. ಇಷ್ಟು ದೊಡ್ಡ ಆಟಕ್ಕೆ ಅದು ಶೋಭಿಸುವುದಿಲ್ಲ.

2022ರ ಜನವರಿಯಿಂದ ಪಿಸಿಯಲ್ಲೂ ಇದೆ. ಕನಿಷ್ಠ 8 ಜಿಬಿ ರ್ಯಾಮ್, 70 ಜಿಬಿ ಜಾಗ ಬೇಕು. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಆಡುವವರು ಯುಪಿಎಸ್ ಇಟ್ಟುಕೊಳ್ಳಿ. ಸೇವ್ ಆಗುತ್ತಿರುವಾಗಲೇ ಕರೆಂಟ್ ಹೋದರೆ ಫೈಲ್ ಕೆಡಬಹುದು.

ಕಥೆ ಇನ್ನೂ ಗೊತ್ತಿಲ್ಲದವರು ಇಲ್ಲಿಗೆ ನಿಲ್ಲಿಸಿ. ಮಗ ಅಟ್ರೇಯಸ್ ಕಾಯಿಲೆ ಬಿದ್ದಾಗ ಕ್ರೇಟೋಸ್ ಅವನನ್ನು ಬಿಟ್ಟು ಸತ್ತವರ ಲೋಕವಾದ ಹೆಲ್‌ಹೈಮ್‌ಗೆ ಹೋಗಬೇಕು. ಅಲ್ಲಿಯ ಹಿಮದ ವೈರಿಗಳಿಗೆ ಕೊಡಲಿ ನಾಟುವುದಿಲ್ಲ. ಮನೆಯ ನೆಲದಡಿ ಹೂತಿಟ್ಟಿದ್ದ ಹಳೆಯ ಸರಪಳಿ ಕತ್ತಿಗಳನ್ನು ಅವನು ಹೊರತೆಗೆಯುತ್ತಾನೆ. ಹದಿಮೂರು ವರ್ಷದ ಹಿಂದಿನ ಅದೇ ಬೀಸು ಕೈಗೆ ಬಂದಾಗ ನಮಗೆ ಹಿಗ್ಗು, ಅವನಿಗೆ ನಾಚಿಕೆ. ಮಗನಿಂದ ಬಾಣ ಬಿಡಿಸಲು ಅಭ್ಯಾಸಬಲದಿಂದ ಚೌಕದ ಗುಂಡಿ ಒತ್ತುತ್ತೇವೆ. ಬಾಣ ಬರುವುದಿಲ್ಲ.