ಪರೀಕ್ಷೆ ಪೋಡಿಗೆ ಬಂತು, ಮಾತ್ರೆ?

ಸಿಕಲ್ ಸೆಲ್ ಅನೀಮಿಯಾದ, ಅಂದರೆ ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುವ ವಂಶಪಾರಂಪರ್ಯ ಕಾಯಿಲೆಯ ಮಾತು ಬಂದಾಗಲೆಲ್ಲ ಇಷ್ಟು ಲಕ್ಷ ಜನರ ತಪಾಸಣೆ ಆಯಿತು ಅನ್ನುವ ಲೆಕ್ಕವೇ ಮೊದಲು ಕಿವಿಗೆ ಬೀಳುತ್ತದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ರಾಷ್ಟ್ರೀಯ ಮಿಷನ್‌ನ ಗುರಿಯೂ ಹಾಗೇ ಇದೆ: 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ರೊಳಗೆ ಕಾಯಿಲೆಯ ನಿರ್ಮೂಲನೆ. ತಪಾಸಣೆ ಬೇಕೇ ಬೇಕು, ಎರಡು ಮಾತಿಲ್ಲ. ಆದರೆ ರಕ್ತ ಕೊಟ್ಟುಹೋದ ಮಗುವಿಗೆ ಆಮೇಲೆ ಏನಾಯಿತು ಅಂತ ಕೇಳುವವರು ಕಡಿಮೆ. ನನ್ನ ತಕರಾರು ಇರುವುದೇ ಅಲ್ಲಿ.

ಇದೇನೂ ಹೊಸ ಕಾಯಿಲೆ ಅಲ್ಲ. ನಮ್ಮ ಚಾಮರಾಜನಗರಕ್ಕೆ ತಾಗಿಕೊಂಡಿರುವ ನೀಲಗಿರಿಯ ಬುಡಕಟ್ಟು ಜನರ ರಕ್ತದಲ್ಲಿ ಇದನ್ನು ಗುರುತಿಸಿದ್ದು 1952ರಲ್ಲಿ. ಡಾ. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಮೇಲೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಇದು ಕಾಣಿಸಿತು. 1952ರಿಂದ ಎಣಿಸಿ, ದೇಶಕ್ಕೊಂದು ಮಿಷನ್ ಬರಲು 71 ವರ್ಷ. ಇದೇ ಕಾಯಿಲೆ ಪೇಟೆಯ ಮಂದಿಯಲ್ಲಿ ಇಷ್ಟೇ ಇದ್ದಿದ್ದರೆ ಇಷ್ಟು ವರ್ಷ ಹಿಡಿಯುತ್ತಿರಲಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮೊದಲ ಎಡವಟ್ಟು ಪರೀಕ್ಷೆಯಲ್ಲೇ ಆಗುತ್ತದೆ. ಶಿಬಿರಗಳಲ್ಲಿ ಮಾಡುವುದು ಹೆಚ್ಚಾಗಿ ಸಾಲ್ಯುಬಿಲಿಟಿ ಟೆಸ್ಟ್. ದ್ರಾವಣಕ್ಕೆ ಒಂದಿಷ್ಟು ರಕ್ತ ಬೆರೆಸಿ, ಕೊಳವೆಯ ಹಿಂದೆ ಗೆರೆ ಎಳೆದ ಕಾಗದ ಹಿಡಿಯುತ್ತಾರೆ. ದ್ರಾವಣ ಕದಡಿ ಗೆರೆ ಮಸುಕಾದರೆ ಪಾಸಿಟಿವ್. ಅಗ್ಗ, ಬೇಗ ಆಗುತ್ತದೆ. ಆದರೆ ಆ ಮನುಷ್ಯ ಬರೀ ವಾಹಕನೋ (ತನಗೆ ಕಾಯಿಲೆ ಇಲ್ಲದಿದ್ದರೂ ಮಕ್ಕಳಿಗೆ ದಾಟಿಸಬಲ್ಲವನು), ನಿಜಕ್ಕೂ ರೋಗಿಯೋ ಅಂತ ಇದು ಹೇಳುವುದಿಲ್ಲ. ಆರು ತಿಂಗಳೊಳಗಿನ ಕೂಸಿನಲ್ಲಿ ಇದನ್ನು ನಂಬುವ ಹಾಗೇ ಇಲ್ಲ. ರಕ್ತ ತೀರಾ ಕಡಿಮೆ ಇದ್ದವರಲ್ಲೂ ಸುಳ್ಳು ನೆಗೆಟಿವ್ ಬರುತ್ತದೆ, ಅಂದರೆ ಯಾರಿಗೆ ಹೆಚ್ಚು ತೊಂದರೆಯೋ ಅವರೇ ತಪ್ಪಿಹೋಗಬಹುದು. ಖಚಿತಪಡಿಸಲು ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರೆ ಮಾಡಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಬೇಕು. ಮಾದರಿಯನ್ನು ತಣ್ಣಗಿಟ್ಟು ಪೇಟೆಗೆ ಸಾಗಿಸಬೇಕು, ವರದಿ ವಾಪಸ್ ಪೋಡಿಗೆ, ಅಂದರೆ ಸೋಲಿಗರ ಹಾಡಿಗೆ ಬರಬೇಕು. ಕಾಫಿ ಕೊಯ್ಲಿನ ಹೊತ್ತಿಗೆ ವರದಿ ಬಂದರೆ ಮನೆಗೆ ಬೀಗ, ಮನೆಮಂದಿಯೆಲ್ಲ ತೋಟದಲ್ಲಿ. ಅದೇ ಚಳಿ ಕಾಲ, ಮೈಕೈ ಮುರಿದು ಹಾಕುವಂಥ ನೋವು ಕೆರಳುವ ಕಾಲವೂ ಹೌದು. ಬೆರಳ ತುದಿಯ ಹನಿ ರಕ್ತದಲ್ಲೇ ಕಾಲು ಗಂಟೆಯೊಳಗೆ ವಾಹಕ, ರೋಗಿ ಎರಡನ್ನೂ ಬೇರೆ ಮಾಡಿ ತೋರಿಸುವ ಕಿಟ್‌ಗಳು ಈಗ ಇವೆ. ದೂರದ ಪೋಡುಗಳಿಗೆ ಅವೇ ಹೋಗಬೇಕು.

ಇನ್ನು ಔಷಧ. ಹೈಡ್ರಾಕ್ಸಿಯೂರಿಯಾ ಕೊಟ್ಟರೆ ನೋವಿನ ಸರದಿ ಕಡಿಮೆಯಾಗುತ್ತದೆ, ರಕ್ತ ಹಾಕಿಸುವುದೂ ತಗ್ಗುತ್ತದೆ. ಶುರುವಿನ ಪ್ರಮಾಣ ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. 12 ಕಿಲೋದ ಮಗು ಅಂದುಕೊಳ್ಳಿ, ಬೇಕಾದ್ದು 120ರಿಂದ 180 ಮಿಲಿಗ್ರಾಂ. ಸಾಮಾನ್ಯವಾಗಿ ಸಿಗುವ ಕ್ಯಾಪ್ಸೂಲ್ 500 ಮಿಲಿಗ್ರಾಂನದು. ಅದನ್ನು ತಾಯಿ ಅಡುಗೆಮನೆಯಲ್ಲಿ ಬಿಚ್ಚಿ ಮೂರು ಪಾಲು ಮಾಡುವಂತಿಲ್ಲ. ಆ ಪುಡಿ ಕೈಗೆ ತಾಗಬಾರದು, ಗರ್ಭಿಣಿಯಂತೂ ಮುಟ್ಟಲೇಬಾರದು. ಮಕ್ಕಳಿಗೆ ಕಡಿಮೆ ಪ್ರಮಾಣದ ಮಾತ್ರೆಯೋ ಸಿರಪ್ಪೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಇರದಿದ್ದರೆ ಚೀಟಿ ಬರೆದುಕೊಟ್ಟೂ ಪ್ರಯೋಜನವಿಲ್ಲ. ಔಷಧ ಶುರುವಾದ ಮೇಲೆ ಮೊದಲ ತಿಂಗಳುಗಳಲ್ಲಿ ಪದೇ ಪದೇ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತಕಣ ಎಣಿಸಲೇಬೇಕು. ಬಿಳಿ ರಕ್ತಕಣ ತೀರಾ ಇಳಿದರೆ ಔಷಧವನ್ನು ಸ್ವಲ್ಪ ಕಾಲ ನಿಲ್ಲಿಸಬೇಕು. ಆ ಒಂದು ಕೊಳವೆ ರಕ್ತಕ್ಕಾಗಿ ತಾಯಿ ಪ್ರತಿ ಸಲ ಕೂಲಿ ಬಿಟ್ಟು, ಬಸ್ಸಿಗೆ ಕಾದು ಪೇಟೆಗೆ ಹೋಗಬೇಕು ಅಂದರೆ ಮೂರನೇ ಸಲಕ್ಕೆ ಔಷಧ ನಿಂತುಹೋಗುತ್ತದೆ. ರಿಜಿಸ್ಟರಿನಲ್ಲಿ "ರೋಗಿ ಬರಲಿಲ್ಲ" ಅಂತ ಬರೆಯುತ್ತಾರೆ. ಬರಲಾಗದ ಹಾಗೆ ವ್ಯವಸ್ಥೆ ಮಾಡಿಟ್ಟು ಹಾಗೆ ಬರೆಯುವುದು ಅನ್ಯಾಯ.

ಇವೆಲ್ಲ ಅಂಕಿಅಂಶದಲ್ಲಿ ಯಾಕೆ ಕಾಣುವುದಿಲ್ಲ? ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್‌ನ ಡಾ. ಪ್ರಶಾಂತ್ ಎನ್. ಶ್ರೀನಿವಾಸ್ ಅವರಂಥ ಸಂಶೋಧಕರು ಬೆಟ್ಟದಲ್ಲೇ ನೆಲೆ ನಿಂತು ಆದಿವಾಸಿ ಆರೋಗ್ಯದ ಅಸಮಾನತೆಯನ್ನು ಅಧ್ಯಯನ ಮಾಡುವುದು ಇದಕ್ಕೇ ಮುಖ್ಯ ಅನ್ನಿಸುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡದವರು 42 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನಾಯಕ ಸಮುದಾಯ. ಸೋಲಿಗರು 30 ಸಾವಿರ ಚಿಲ್ಲರೆ. ಎಲ್ಲರನ್ನೂ ಒಂದೇ "ಎಸ್‌ಟಿ" ಕಲಮಿಗೆ ಹಾಕಿ ಸರಾಸರಿ ತೆಗೆದರೆ ಸೋಲಿಗರು, ಜೇನುಕುರುಬರು, ಕೊರಗರು ಲೆಕ್ಕದಲ್ಲಿ ಕರಗಿಯೇ ಹೋಗುತ್ತಾರೆ. ಸಮುದಾಯವಾರು, ಪೋಡುವಾರು ಲೆಕ್ಕ ತೆಗೆಯಿರಿ, ಆಗ ಕಾಣುತ್ತದೆ.

ತಪಾಸಣೆಯ ಫಲಿತಾಂಶ ಬರೆದು ಕೊಡುವ ಕಾರ್ಡಿನ ವಿಷಯದಲ್ಲೂ ಎಚ್ಚರ ಬೇಕು. ಗಂಡು ಹೆಣ್ಣು ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲೊಂದು. ಇದನ್ನು ಕೂತು ಬಿಡಿಸಿ ಹೇಳದೆ ಬರೀ ಕಾರ್ಡ್ ಕೈಗಿಟ್ಟರೆ ಅದು ಹುಡುಗಿಯ ಮದುವೆಗೆ ಅಡ್ಡಿಯಾಗುತ್ತದೆಯೇ ಹೊರತು ಉಪಯೋಗಕ್ಕೆ ಬರುವುದಿಲ್ಲ.

ನಿಮ್ಮ ಭಾಗದ ಪಿಎಚ್‌ಸಿಗೆ ಹೋದಾಗ ಎಷ್ಟು ಜನರ ತಪಾಸಣೆ ಆಯಿತು ಅಂತ ಕೇಳಬೇಡಿ. ಖಚಿತವಾದ ರೋಗಿಗಳಲ್ಲಿ ಈ ತಿಂಗಳು ಎಷ್ಟು ಜನ ಹೈಡ್ರಾಕ್ಸಿಯೂರಿಯಾ ಒಯ್ದರು, ಸ್ಟಾಕ್ ಇನ್ನೆಷ್ಟು ದಿನಕ್ಕಿದೆ, 5 ಮಿಲಿಗ್ರಾಂ ಫೋಲಿಕ್ ಆಸಿಡ್ ಇದೆಯೋ ಅಥವಾ ಎಲ್ಲ ರಕ್ತಹೀನತೆಗೂ ಕಬ್ಬಿಣದ ಮಾತ್ರೆಯೇ ಕೊಡುತ್ತಿದ್ದಾರೋ ಕೇಳಿ. ಸಂಚಾರಿ ಆರೋಗ್ಯ ಘಟಕದ ಗಾಡಿ ಪೋಡಿಗೆ ಬರುವ ದಿನವೇ ರಕ್ತದ ಮಾದರಿಯನ್ನೂ ಒಯ್ಯಲು ಸಾಧ್ಯವಿಲ್ಲವೇ ಅಂತಲೂ ಕೇಳಿ.