ಪಾಪರ್ ಆಮೇಲೆ, ಮೊದಲು ಆ ಲಕೋಟೆ ಒಡೀರಿ

ಬೆಳಗ್ಗೆ ಫೋನ್ ತೆಗೆದರೆ ಮೊದಲು ಕಂಡಿದ್ದೇ ಒಂದು ರೀಲ್ಸು. ಕಪ್ಪು ಕೋಟಿನ ಪುಣ್ಯಾತ್ಮ ಬೆರಳಾಡಿಸ್ತಾ, "ಸಾಲ ಎಷ್ಟೇ ಇರಲಿ, ಐ.ಪಿ. ಹಾಕಿ, ಮೂರೇ ತಿಂಗಳಲ್ಲಿ ಎಲ್ಲಾ ಮಾಫಿ" ಅಂತಾನೆ. ಐ.ಪಿ. ಅಂದರೆ ಇನ್‌ಸಾಲ್ವೆನ್ಸಿ ಪಿಟಿಷನ್, ಪಾಪರ್ ಆದೆ ಅಂತ ಕೋರ್ಟಿಗೆ ಹಾಕೋ ದಿವಾಳಿ ಅರ್ಜಿ. ಕೆಳಗೆ ಸಾಲುಗಟ್ಟಿ "ನಂಬರ್ ಕಳ್ಸಿ ಸರ್". ಕಾಫಿ ಅಲ್ಲೇ ಆರಿಹೋಯ್ತು. ನನ್ನದು ವಕೀಲಿ ಕಸುಬು, ಈ ಉರಿ ಎಲ್ಲಿಂದ ಅಂತ ಬಿಡಿಸಿ ಹೇಳಬೇಕಿಲ್ಲ.

ಸ್ವಾಮಿ, ಯಾವ ಐ.ಪಿ.? 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೂ ಒಂದು ಭಾಗ ಇದೆ, ನಿಜ. ಆದರೆ ಅದು ಜಾರಿಗೆ ಬಂದಿರೋದು ಕಂಪನಿ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ, ಅದೂ 2019ರ ಡಿಸೆಂಬರ್ 1ರಿಂದ. ಕ್ರೆಡಿಟ್ ಕಾರ್ಡು, ಪರ್ಸನಲ್ ಲೋನು, ಕೈಸಾಲದವರಿಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಅರ್ಜಿ ಹಾಕೋಕೆ ಸಾಲ ಕನಿಷ್ಠ 500 ರೂಪಾಯಿ ಇರಬೇಕು ಅನ್ನುತ್ತೆ ಅದು. ವಯಸ್ಸು ನೀವೇ ಅಂದಾಜು ಮಾಡಿ.

ಅರ್ಜಿಯಲ್ಲಿ ನಿಮಗೆ ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ವಿಳಾಸ, ಬಾಕಿ, ನಿಮ್ಮ ಪ್ರತಿ ಆಸ್ತಿಯ ವಿವರ ಬರೆಯಬೇಕು. ದಿವಾಳಿ ಅಂತ ಘೋಷಣೆಯಾದರೆ ಆಸ್ತಿ ಕೋರ್ಟಿನ ಅಥವಾ ಅದು ನೇಮಿಸಿದ ರಿಸೀವರ್ ಕೈಗೆ. ಅಡವಿಟ್ಟ ಮನೆಯ ಮೇಲೆ ಬ್ಯಾಂಕಿನ ಹಕ್ಕಿಗೆ ಏನೂ ಆಗಲ್ಲ. ಎರಡು ವರ್ಷದ ಈಚೆಗೆ ಸೈಟನ್ನ ಹೆಂಡತಿ ಹೆಸರಿಗೆ ದಾನಪತ್ರ ಮಾಡಿದ್ದರೆ ರದ್ದಾಗಬಹುದು. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಉಳಿದವರಿಗೆಲ್ಲ ಕೈಯೆತ್ತಿ, ಭಾವಮೈದುನನ ಸಾಲ ಮಾತ್ರ ತೀರಿಸಿದ್ದರೆ ಅದನ್ನೂ ಪ್ರಶ್ನಿಸ್ತಾರೆ. ಆಸ್ತಿ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಇಷ್ಟಾದ ಮೇಲೂ ಸಾಲದಿಂದ ಬಿಡುಗಡೆಗೆ ಕೋರ್ಟ್ ಹೇಳಿದ ಗಡುವಿನಲ್ಲಿ ಬೇರೆ ಅರ್ಜಿ ಹಾಕಬೇಕು. ಮರೆತರೆ ಘೋಷಣೆಯೇ ರದ್ದಾಗಿ, ಹೊರಟಲ್ಲಿಗೇ ಬಂದು ನಿಲ್ತೀರಿ. ಸರ್ಕಾರದ ಬಾಕಿ, ಜೀವನಾಂಶ, ಮೋಸದಿಂದ ಮಾಡಿದ ಸಾಲ ಬಿಡುಗಡೆ ಸಿಕ್ಕರೂ ಹೋಗಲ್ಲ. ಮೂರು ತಿಂಗಳಂತೆ!

ನನ್ನ ಸಿಟ್ಟು ಆ ರೀಲ್ಸಿನವನ ಮೇಲೆ ಅರ್ಧ. ಇನ್ನರ್ಧ, ಟಿವಿ ಮೇಲೆ ಒಡೆಯದೆ ಇಟ್ಟಿರ್ತಾರಲ್ಲ, ಆ ನೋಟಿಸಿನ ಲಕೋಟೆ ಮೇಲೆ.

ಮುಕ್ಕಾಲು ಪಾಲು ಜನಕ್ಕೆ ಬೇಕಿರೋದು ಪಾಪರ್ ಅಲ್ಲ, ದಿನ ಎಣಿಸೋದು. ಚೆಕ್ ಬೌನ್ಸ್ ತಗೊಳ್ಳಿ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ಚೆಕ್ ಪಡೆದವನು ನಿಮಗೆ ನೋಟಿಸ್ ಕಳಿಸಬೇಕು. ಅದು ಕೈಸೇರಿದ ಮೇಲೆ 15 ದಿನ ನಿಮ್ಮದು. ಆ ಮೇಲಿನ ಒಂದು ತಿಂಗಳಲ್ಲಿ ಅವನು ಕೇಸು ಹಾಕಬೇಕು. ದುಡ್ಡು ಹೊಂದಿಸೋಕೋ ಮಾತುಕತೆಗೋ ಸಿಗೋ ಒಳ್ಳೇ ಅವಕಾಶ ಆ 15 ದಿನ. ನಮ್ಮವರು ಏನ್ಮಾಡ್ತಾರೆ? ಪೋಸ್ಟ್‌ಮ್ಯಾನ್ ಬಂದರೆ ಒಳಗಿಂದ "ಇಲ್ಲ ಅನ್ನು". ಲಕೋಟೆ ಮೇಲೆ "ನಿರಾಕರಿಸಿದ್ದಾರೆ" ಅಂತ ಷರಾ ಬಿತ್ತೋ, ತಲುಪಿದೆ ಅಂತಲೇ ಕೋರ್ಟು ಭಾವಿಸುತ್ತೆ. ದಿನ ಓಡ್ತಾ ಇರುತ್ತೆ, ಒಳಗೇನಿತ್ತು ಅಂತ ಮಾತ್ರ ನಿಮಗೆ ಗೊತ್ತಿರಲ್ಲ. "ಖಾಲಿ ಚೆಕ್ ಕೊಟ್ಟಿದ್ದೆ ಸಾರ್" ಅಂದುಬಿಟ್ಟರೆ ಸಾಲದು. ಸಹಿ ನಿಮ್ಮದಾದರೆ, ಸಾಲ ಇರಲಿಲ್ಲ ಅಂತ ತೋರಿಸೋ ಹೊರೆ ಮೊದಲು ನಿಮ್ಮ ತಲೆಗೇ. ಇನ್ನು, ಇದು ಕ್ರಿಮಿನಲ್ ಕೇಸು. ಐ.ಪಿ. ಹಾಕಿದಿರಿ ಅಂತ ತಾನಾಗಿ ನಿಲ್ಲಲ್ಲ.

ಪ್ರೋನೋಟಿನ ಮೇಲೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 37ರ ಸಮರಿ ದಾವೆ (ಬೇಗ ಮುಗಿಸೋ ದಾವೆ) ಬಂದರಂತೂ ಹಾಜರಾಗೋಕೆ ಇರೋದು 10 ದಿನ. ಹತ್ತೇ! ಮನೆ ಅಡವಿದ್ದು ಸರ್ಫೇಸಿ (ಅಡವಿನ ಆಸ್ತಿಯನ್ನ ಬ್ಯಾಂಕು ದಾವೆ ಹೂಡದೆಯೇ ವಶಕ್ಕೆ ತಗೊಳ್ಳೋ ಕಾಯ್ದೆ) ನೋಟಿಸ್ ಬಂದರೆ ಬಾಕಿ ಕಟ್ಟೋಕೆ 60 ದಿನ. ಅಷ್ಟರೊಳಗೆ ಆಕ್ಷೇಪಣೆ ಬರೆದುಕೊಟ್ಟರೆ ಬ್ಯಾಂಕು 15 ದಿನದಲ್ಲಿ ಉತ್ತರಿಸಬೇಕು. ಸ್ವಾಧೀನದ ಕ್ರಮ ಶುರುವಾದ ಮೇಲೆ ಡಿಆರ್‌ಟಿ (ಸಾಲ ವಸೂಲಿ ನ್ಯಾಯಮಂಡಳಿ) ಮೆಟ್ಟಿಲೇರೋಕೆ 45 ದಿನ. ಕೃಷಿ ಜಮೀನಿಗೆ ಆ ಕಾಯ್ದೆ ಅನ್ವಯಿಸೋದೇ ಇಲ್ಲ. ಇದನ್ನ ಯಾವ ರಿಕವರಿ ಏಜೆಂಟೂ ಬಾಯಿಬಿಟ್ಟು ಹೇಳಲ್ಲ.

ಅವನು ಹೇಳೋದು "ಪೊಲೀಸ್ ಕರ್ಕೊಂಡು ಬರ್ತೀವಿ" ಅಂತ. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ದೂರನ್ನ ಬರಹದಲ್ಲಿ ಬ್ಯಾಂಕಿಗೆ ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್, ಅಂದರೆ ಬ್ಯಾಂಕಿನ ಮೇಲಿನ ದೂರು ಕೇಳೋ ಅಧಿಕಾರಿ. ದುಡ್ಡು ಕಟ್ಟಿ ಅಂತ ಕೋರ್ಟಿನ ಡಿಕ್ರಿ (ತೀರ್ಪು) ಆದರೂ ಸಂಬಳದ ಮೊದಲ 1,000 ರೂಪಾಯಿ, ಉಳಿದದ್ದರ ಮೂರನೇ ಎರಡು ಭಾಗ ಜಪ್ತಿಯಿಂದ ಹೊರಗೆ. ಹಣದ ಡಿಕ್ರಿಗೆ ಹೆಂಗಸರನ್ನ ಬಂಧಿಸೋ ಹಾಗೇ ಇಲ್ಲ.

"ಸಾಲದಲ್ಲಿ ಮುಳುಗಿರೋನು ಲಾಯರ್ ಫೀಸ್ ಎಲ್ಲಿಂದ ತರ್ತಾನೆ?" ಅಂತ ಯಾರಾದರೂ ಕೇಳೇ ಕೇಳ್ತೀರಿ. ರೀಲ್ಸಿನವನಿಗೆ ಮುಂಗಡ ಎಲ್ಲಿಂದ ತಂದನೋ ಅಲ್ಲಿಂದ! ಹೋಗಲಿ, ಅದೂ ಬೇಡ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ. ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರಿಗೆ ಆದಾಯ ಎಷ್ಟಿದ್ದರೂ ವಕೀಲರು ಉಚಿತ. ಉಳಿದವರಿಗೆ ಆದಾಯದ ಮಿತಿ ಇದೆ. ಫೋನ್ 15100. ನಮ್ಮ ಪೈಕಿಯವರೂ ಕೆಲವರು ನೋಟಿಸ್ ಓದದೆ ಹಳೇ ಉತ್ತರಕ್ಕೆ ಹೆಸರು ಬದಲಿಸಿ ಕಳಿಸ್ತಾರೆ, ಒಪ್ಕೋತೀನಿ. ಹಾಗಂತ ಡಾಕ್ಟರ್ ಸರಿ ಇಲ್ಲ ಅಂತ ಕಾಂಪೌಂಡರ್ ಹತ್ರ ಆಪರೇಷನ್ ಮಾಡಿಸ್ಕೋತೀರಾ?

ಲೋಕ ಅದಾಲತ್ತಿನ ಬಗ್ಗೆ ಒಂದೇ ಎಚ್ಚರಿಕೆ. ಬಡ್ಡಿ ಬಿಡ್ತಾರೆ ಅನ್ನೋ ಖುಷಿಗೆ ತಿಂಗಳಿಗೆ 20,000 ಕಟ್ಟೋಕಾಗದವರು ಕಟ್ತೀನಿ ಅಂತ ಸಹಿ ಹಾಕ್ತಾರೆ. ಆ ರಾಜಿ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಕಂತು ತಪ್ಪಿದರೆ ಬ್ಯಾಂಕು ಹೊಸ ದಾವೆ ಹೂಡೋ ಅಗತ್ಯವೇ ಇಲ್ಲ, ನೇರ ಜಾರಿ ಅರ್ಜಿ. ಹೊರಗಡೆ ಸೆಟಲ್ ಮಾಡ್ಕೊಂಡರೂ ಅಷ್ಟೇ: ಸೆಟಲ್‌ಮೆಂಟಿನ ಪತ್ರ ಕೈಗೆ ಬರದೆ ಒಂದು ರೂಪಾಯಿ ಕಟ್ಟಬೇಡಿ. ನಿಮ್ಮ ಸಾಲದ ಚರಿತ್ರೆ ಇಡೋ ಸಿಬಿಲ್‌ನಲ್ಲಿ "ಕ್ಲೋಸ್ಡ್" ಅಲ್ಲ, "ಸೆಟಲ್ಡ್" ಅಂತ ಬೀಳುತ್ತೆ ಅನ್ನೋದೂ ತಲೇಲಿರಲಿ.

ನಾಳೆ ಯಾರಾದರೂ ಸಲಹೆಗೆ ಹೊರಟರೆ ಸಾಲದ ಕರಾರು, ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟು, ಕೊಟ್ಟ ಚೆಕ್ಕುಗಳ ನಂಬರು, ಬಂದಿರೋ ಎಲ್ಲಾ ನೋಟಿಸು ಹಿಡ್ಕೊಂಡು ಹೋಗಿ. ನೋಟಿಸ್ ತೆಗೆದು ಲಕೋಟೆ ಬಿಸಾಕಬೇಡಿ ಮಾರಾಯ್ರೇ, ಅಂಚೆ ಮುದ್ರೆಯ ತಾರೀಕು ಇರೋದು ಅದರ ಮೇಲೆ.