ಮೇವಿನ ಚೀಲಕ್ಕೆ ಮುಂಚೆ ಥರ್ಮಾಮೀಟರ್

ಹೋದ ವರ್ಷ ಜನವರಿಯಲ್ಲಿ ಪಕ್ಕದ ಹೊಲದ ಹುಡುಗ ಫೋನ್ ಮಾಡಿದ್ದ. "ಅಣ್ಣಾ, ಮೀನು ಬೆಳೀತಾನೇ ಇಲ್ಲ. ಅಂಗಡಿಯವರು ಮೇವು ಜಾಸ್ತಿ ಹಾಕು ಅಂತಾರೆ. ಹಾಕ್ಲಾ?"

ಬೆಳಿಗ್ಗೆ ಎಂಟಕ್ಕೆ ಅವನ ಕೃಷಿ ಹೊಂಡದ ಹತ್ತಿರ ಹೋದೆ. ಹಿಂದಿನ ದಿನ ಹಾಕಿದ್ದ ತೌಡು, ಕಡಲೆಕಾಯಿ ಹಿಂಡಿ ಮೂಲೆಯಲ್ಲಿ ಹಾಗೇ ಊದಿಕೊಂಡು ಕೂತಿತ್ತು. ಹುಳಿ ವಾಸನೆ ಬೇರೆ. ಥರ್ಮಾಮೀಟರ್‌ಗೆ ದಾರ ಕಟ್ಟಿ ಇಳಿಬಿಟ್ಟರೆ 19 ಡಿಗ್ರಿ!

ಮೀನಿಗೆ ನಮ್ಮ ಹಾಗೆ ಸ್ವಂತ ಮೈಬಿಸಿ ಇಲ್ಲ. ನೀರು ಎಷ್ಟು ತಣ್ಣಗೋ ಮೈಯೂ ಅಷ್ಟೇ ತಣ್ಣಗೆ. ಕಾಟ್ಲಾ, ರೋಹು ಥರದ ಗೆಂಡೆ ಜಾತಿಯ ಮೀನು ಚೆನ್ನಾಗಿ ತಿಂದು ಮೈ ಹಿಡಿಯುವುದು 25ರಿಂದ 30 ಡಿಗ್ರಿಯಲ್ಲಿ. 20ರ ಕೆಳಗೆ ಹಸಿವೂ ಕಮ್ಮಿ, ಜೀರ್ಣವೂ ನಿಧಾನ. ಸಾಮಾನ್ಯ ಗೆಂಡೆ ಚಳಿಗೆ ಸ್ವಲ್ಪ ಗಟ್ಟಿ, ಅಷ್ಟೇ. ಅಂಥ ದಿನ ಸುರಿದ ಮೇವು ಮೀನಿನ ಹೊಟ್ಟೆಗಲ್ಲ, ನೀರು ಕೊಳೆಸೋಕೆ.

ಹಾಗಂತ ಬಿಸಿ ಜಾಸ್ತಿಯಾದಷ್ಟೂ ಒಳ್ಳೇದು ಅಂತಲ್ಲ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಆದರೆ ಮೀನಿಗೆ ಬೇಕಾಗುವುದು ಆಗಲೇ ಹೆಚ್ಚು. ಏಪ್ರಿಲ್‌ನಲ್ಲಿ ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುವುದನ್ನು ನೋಡಿದ್ದೀರಲ್ವಾ? ಅವತ್ತು ಮೇವು ಬಂದ್ ಮಾಡಿ, ಮೊದಲು ಮೋಟಾರ್ ಹಾಕಿ ನೀರು ಚಿಮ್ಮಿಸಬೇಕು.

ಇನ್ನು ಉಪ್ಪು. ನಮ್ಮ ಕೋಲಾರ, ಚಿಂತಾಮಣಿ ಕಡೆ ಸಾವಿರ ಅಡಿ ಬೋರ್‌ವೆಲ್ ನೀರು ಅಂದ ಕೂಡಲೇ ಎಲ್ಲರೂ ಹೆದರುತ್ತಾರೆ. ನನ್ನ ಪ್ರಕಾರ ಅಷ್ಟು ಹೆದರಬೇಕಿಲ್ಲ. ಮೀನಿನ ರಕ್ತದಲ್ಲೇ ಲೀಟರಿಗೆ ಸುಮಾರು 9 ಗ್ರಾಂ ಉಪ್ಪಿನಂಶ ಇದೆ. ಹೊಂಡದ ನೀರಿನಲ್ಲಿ ಅಷ್ಟಿಲ್ಲ. ಹಾಗಾಗಿ ನೀರು ಸದಾ ಮೈಯೊಳಗೆ ನುಗ್ಗುತ್ತಿರುತ್ತದೆ, ಮೀನು ಅದನ್ನು ಹೊರಗೆ ಹಾಕುತ್ತಲೇ ಇರಬೇಕು. ಮರಿ ಸಾಗಿಸುವವರು ನೀರಿಗೆ ಸ್ವಲ್ಪ ಕಲ್ಲುಪ್ಪು ಹಾಕುವುದು ಸುಮ್ನೆ ಅಲ್ಲ, ಆ ದುಡಿಮೆ ಒಂಚೂರು ಹಗುರಾಗಲಿ ಅಂತ.

ಆದರೆ ಲೀಟರಿಗೆ ಐದಾರು ಗ್ರಾಂ ದಾಟಿದರೆ ಗೆಂಡೆ ಜಾತಿಯ ಮೀನಿಗೆ ಬೆಳವಣಿಗೆ ಕುಂಠಿತ. ಬೇಸಿಗೆಯಲ್ಲಿ ಬಿಸಿಲಿಗೆ ಆರುವುದು ನೀರು ಮಾತ್ರ, ಉಪ್ಪು ಹೊಂಡದಲ್ಲೇ ಉಳಿಯುತ್ತದೆ. 1500 ಟಿಡಿಎಸ್ (ಅಂದರೆ ಲೀಟರಿಗೆ ಸುಮಾರು ಒಂದೂವರೆ ಗ್ರಾಂ ಕರಗಿದ ಲವಣ) ಇದ್ದ ನೀರು ಅರ್ಧ ಆರಿದರೆ ಹತ್ತಿರ ಹತ್ತಿರ 3000. ಅದರ ಮೇಲೆ ಮತ್ತೆ ಬೋರ್ ನೀರು. ಮನೆಯಲ್ಲಿ ಕುಡಿಯುವ ನೀರಿಗೆ ಅದ್ದುವ ಟಿಡಿಎಸ್ ಪೆನ್ ಇದೆಯಲ್ಲ, ತಿಂಗಳಿಗೊಮ್ಮೆ ಹೊಂಡಕ್ಕೂ ಅದ್ದಿ.

ಆ ಹುಡುಗ ಈಗ ಮೋಟಾರ್ ಶೆಡ್ಡಿನ ಗೋಡೆ ಮೇಲೆ ಇದ್ದಿಲಲ್ಲಿ ದಿನಾ ಡಿಗ್ರಿ ಬರೆಯುತ್ತಾನೆ. ನಿನ್ನೆ 22 ಇತ್ತಂತೆ. ಅರ್ಧ ಮೇವು ಹಾಕಿದ್ದಾನೆ.